ನೀಲಗಿರಿ ಶೋಲಾಕಿಲಿ ಹಕ್ಕಿಯನ್ನು ಎಲ್ಲಿ, ಹೇಗೆ ನೋಡಬಹುದು?

ಬೆಟ್ಟದ ನೆತ್ತಿಯ ಹುಲ್ಲುಗಾವಲಲ್ಲಿ ಹುಡುಕಬೇಡಿ. ಎರಡು ಗುಡ್ಡಗಳ ನಡುವಿನ ಮಡಿಕೆಯಲ್ಲಿ, ನೀರಿನ ಒರತೆಯ ಸುತ್ತ ದಟ್ಟವಾಗಿ ಬೆಳೆದಿರುವ ಶೋಲಾ ಕಾಡೇ ಇದರ ಮನೆ. ಪಶ್ಚಿಮಘಟ್ಟದ ಸಾಲನ್ನು ತುಂಡರಿಸುವ ಪಾಲಕ್ಕಾಡ್ ಕಣಿವೆಯ ಉತ್ತರಕ್ಕಷ್ಟೇ ಇರುವ ಹಕ್ಕಿ ಇದು: ನೀಲಗಿರಿ, ಬ್ರಹ್ಮಗಿರಿ, ನಮ್ಮ ಬಾಬಾಬುಡನ್‌ಗಿರಿ. ಊಟಿಯ ಕೇರ್ನ್ ಹಿಲ್ ಕಾಡು, ದೊಡ್ಡಬೆಟ್ಟದ ಸುತ್ತಮುತ್ತ ನೋಡಿದವರು ಹೆಚ್ಚು.

ಗುಬ್ಬಚ್ಚಿಗಿಂತ ಕೊಂಚವೇ ಕಡಿಮೆಯೋ ಹೆಚ್ಚೋ ಅನ್ನಿಸುವ ಗಾತ್ರ, ಉದ್ದ ಕಾಲು, ಬೆನ್ನು ಎದೆ ಮಾಸಲು ನೀಲಿ, ಪಕ್ಕೆ ಕೆಂಗಂದು, ಹೊಟ್ಟೆಯ ನಡುವೆ ಬಿಳಿ. ಚಳಿಗಾಲದಲ್ಲಿ ಹಿಮಾಲಯದಿಂದ ಬರುವ ನೀಲಿ ರಾಬಿನ್ ಎಂಬ ಇನ್ನೊಂದು ಹಕ್ಕಿಯ ಜತೆ ಗೊಂದಲವಾಗಬಹುದು. ಅದರ ಗಂಡಿಗೆ ಎದ್ದುಕಾಣುವ ಬಿಳಿ ಹುಬ್ಬು, ಕಿತ್ತಳೆ ಎದೆ. ಶೋಲಾಕಿಲಿಗಳು ಪ್ರತ್ಯೇಕ ಕುಲವೆಂದು (ಜೀನಸ್) ಗೊತ್ತಾಗಿ 'ಶೋಲಿಕೋಲ' ಎಂಬ ಹೆಸರು ಬಂದದ್ದು 2017ರಲ್ಲಿ.

ಇದು ನೆಲದ ಹಕ್ಕಿ. ತರಗೆಲೆಗಳ ನಡುವೆ ಹುಳು ಹೆಕ್ಕುತ್ತಾ ಪೊದೆಯೊಳಗೇ ಇರುತ್ತದೆ. ಹೆಚ್ಚಾಗಿ ಮಬ್ಬುಗತ್ತಲಲ್ಲೇ ಕಾಲುದಾರಿಗೆ ಇಳಿಯುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಹೋಗಿ, ಹಾದಿಯ ತಿರುವಿನಲ್ಲಿ ಅಲುಗಾಡದೆ ಕೂರಿ. ನಡೆದು ಹುಡುಕಿದರೆ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಿಳ್ಳೆಯ ಹಾಡು ಮೊದಲು ಕಿವಿಗೆ ಬೀಳುತ್ತದೆ, ಆಮೇಲೆ ಕಣ್ಣಿಗೆ. ಮಳೆ ಶುರುವಾದರೆ ಇಂಬಳಗಳಿಗೆ ಸಿದ್ಧರಾಗಿ.

ಒಂದು ಕೋರಿಕೆ: ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಹಾಡುವ ಆ ತಿಂಗಳುಗಳೇ ಮರಿ ಸಾಕುವ ಕಾಲ. ಅಳಿವಿನಂಚಿನ ಈ ಹಕ್ಕಿ, ಆ ಕೂಗು ಕೇಳಿ ಎದುರಾಳಿ ಬಂದನೆಂದು ಗೂಡು ಬಿಟ್ಟು ಓಡಿಬರುತ್ತದೆ.