ಚಂಡೆ ಕೇಳುತ್ತದೆ, ವೇಷ ಕದಲುವುದಿಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ 2010ರಲ್ಲಿ ಕೊಂಡ ಕಂಪ್ಯೂಟರ್ ಇದೆ. ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್, ವಿಂಡೋಸ್ 7, ಹದಿನೆಂಟೂವರೆ ಇಂಚಿನ ಮಾನಿಟರ್. ನನ್ನ ಅಣ್ಣ 72ನೇ ವಯಸ್ಸಿನಲ್ಲಿ ಊರಿನ ಯಕ್ಷಗಾನದ ಆಟದಲ್ಲಿ ವೇಷ ಮಾಡಿದ. ಮಗ ಅದನ್ನು ಐಫೋನಿನಲ್ಲಿ ತೆಗೆದು, ಪೆನ್‌ಡ್ರೈವ್‌ಗೆ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಅರ್ಧ ಗಂಟೆಯ ಒಂದು ಫೈಲ್ 5 ಜಿಬಿ ಇದೆ. ವೇಷ ನಿಂತು ಅರ್ಥ, ಅಂದರೆ ಮಾತು, ಹೇಳುವಾಗ ವಿಡಿಯೋ ತಡವರಿಸಿಕೊಂಡು ಹೇಗೋ ನಡೆಯುತ್ತದೆ. ಕುಣಿತ ಶುರುವಾದರೆ ಚಂಡೆ ಕೇಳುತ್ತದೆ, ವೇಷ ನಿಂತಲ್ಲೇ ನಿಂತಿರುತ್ತದೆ. ಆಮೇಲೆ ಒಮ್ಮೆಲೇ ರಂಗದ ಆಚೆ ಬದಿಯಲ್ಲಿ ಕಾಣುತ್ತದೆ. ಯೂಟ್ಯೂಬ್‌ನ ಎಚ್‌ಡಿ ವಿಡಿಯೋಗಳದ್ದೂ ಇದೇ ಕತೆ. ಅಂಗಡಿಯವರು ರ‍್ಯಾಮ್ ಜಾಸ್ತಿ ಮಾಡಿಸಿ, ಇಲ್ಲವಾದರೆ ಹೊಸದೇ ತಗೊಳ್ಳಿ ಅನ್ನುತ್ತಾರೆ. ಏನು ಮಾಡಲಿ?
— ನಿವೃತ್ತ ಶಿಕ್ಷಕಿ, ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ಅಕ್ಕೋರೇ, ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಅದು ಹುಟ್ಟಿದ ಮೇಲೆ ಬಂದ ಒಂದು ಬರವಣಿಗೆಯನ್ನು ಅದರ ಮುಂದೆ ಇಟ್ಟು ಓದು ಅನ್ನುತ್ತಿದ್ದೇವೆ, ಅಷ್ಟೇ.

ನೀವು ಬರೆದ ಎರಡು ವಿಷಯದಿಂದಲೇ ಅರ್ಧ ಉತ್ತರ ಸಿಕ್ಕಿತು. ಮೊದಲನೆಯದು ಫೈಲಿನ ಗಾತ್ರ. ಅರ್ಧ ಗಂಟೆಗೆ 5 ಜಿಬಿ ಅಂದರೆ ನಿಮಿಷಕ್ಕೆ ಸುಮಾರು 170 ಎಂಬಿ. ಐಫೋನಿನಲ್ಲಿ 4ಕೆ ಗಾತ್ರದಲ್ಲಿ, ಸೆಕೆಂಡಿಗೆ 30 ಚಿತ್ರದಂತೆ, ಎಚ್‌ಇವಿಸಿ ಎಂಬ, ವಿಡಿಯೋವನ್ನು ಕುಗ್ಗಿಸಿ ಬರೆಯುವ ಬಗೆಯಲ್ಲಿ ತೆಗೆದರೆ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ಖಾತ್ರಿ ಮಾಡಿಕೊಳ್ಳಬೇಕಾದರೆ ಫೈಲನ್ನು ವಿಎಲ್‌ಸಿ ಎಂಬ ಉಚಿತ ವಿಡಿಯೋ ಪ್ಲೇಯರ್‌ನಲ್ಲಿ ತೆರೆದು, ಕಂಟ್ರೋಲ್ ಕೀ ಹಿಡಿದು ಜೆ ಒತ್ತಿ. ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಕೊಡೆಕ್ ಎಂಬ ಸಾಲಿನಲ್ಲಿ ಎಚ್‌ಇವಿಸಿ ಅಥವಾ ಎಚ್.265 ಅಂತಿದ್ದು, ಅದರ ಕೆಳಗೆ 3840, 2160 ಎಂಬ ಅಂಕಿ ಕಂಡರೆ ನನ್ನ ಊಹೆ ಸರಿ.

ಈ ಎಚ್‌ಇವಿಸಿ ಬಂದದ್ದು 2013ರಲ್ಲಿ. ಅದಕ್ಕೂ ಹಿಂದಿನದು 2003ರ ಎಚ್.264. ಕೋರ್ 2 ಡ್ಯುಯೊ ಪ್ರೊಸೆಸರ್‌ಗಳು 2006ರಲ್ಲಿ ಬಂದವು. ಎಚ್.264 ಅನ್ನು 720ಪಿ, ಅಂದರೆ 1280 ಅಡ್ಡ, 720 ಉದ್ದ ಚುಕ್ಕಿಯ ಗಾತ್ರದಲ್ಲಿ ಕೊಟ್ಟರೆ ಅವು ಇವತ್ತಿಗೂ ಆರಾಮಾಗಿ ಓಡಿಸುತ್ತವೆ. ಎಚ್‌ಇವಿಸಿ ಹಾಗಲ್ಲ. ಕಡಿಮೆ ಜಾಗದಲ್ಲಿ ಜಾಸ್ತಿ ಚಿತ್ರ ಹಿಡಿಸಲು ಅದನ್ನು ತುಂಬಾ ಬಿಗಿಯಾಗಿ ಮಡಚಿರುತ್ತಾರೆ, ಬಿಡಿಸುವ ಕೆಲಸವೂ ಅಷ್ಟೇ ಜಾಸ್ತಿ. ಹೊಸ ಯಂತ್ರಗಳಲ್ಲಿ ಆ ಕೆಲಸಕ್ಕೆಂದೇ ಬೇರೆ ಭಾಗ ಇರುತ್ತದೆ. ನಿಮ್ಮದರಲ್ಲಿ ಪ್ರೊಸೆಸರ್ ಒಂದೇ ಎಲ್ಲವನ್ನೂ ಮಾಡಬೇಕು. ಸೆಕೆಂಡಿಗೆ 30 ಚಿತ್ರ ಅಂದರೆ ಒಂದೊಂದಕ್ಕೂ ಸಿಗುವ ಹೊತ್ತು ಸೆಕೆಂಡಿನ ಮೂವತ್ತನೇ ಒಂದು ಪಾಲು. ಅಷ್ಟರಲ್ಲಿ ಅದಕ್ಕೆ ಮುಗಿಸಲಾಗುವುದಿಲ್ಲ.

ಇನ್ನೊಂದು ಸುಳಿವು, ಕುಣಿತದಲ್ಲಿ ಮಾತ್ರ ವೇಷ ನಿಂತುಹೋಗುತ್ತದೆ ಅಂದಿರಲ್ಲ, ಅದು. ವಿಡಿಯೋ ಫೈಲಿನಲ್ಲಿ ಪ್ರತಿ ಚಿತ್ರವನ್ನೂ ಇಡಿಯಾಗಿ ಬರೆದಿರುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಎಲ್ಲಿ ಬದಲಾಯಿತು ಎಂಬುದನ್ನಷ್ಟೇ ಬರೆದಿರುತ್ತದೆ. ನಿಮ್ಮ ಅಣ್ಣ ನಿಂತು ಅರ್ಥ ಹೇಳುವಾಗ ಬದಲಾಗುವುದು ಬಾಯಿ, ಕೈ, ಚೂರು ಮುಂಡಾಸು. ನಡುವೆ ನಾಲ್ಕು ಚಿತ್ರ ಬಿಟ್ಟುಹೋದರೂ ಕಣ್ಣಿಗೆ ಬೀಳುವುದಿಲ್ಲ. ಮಂಡಿ ತಿರುಗುವಾಗ, ಅಂದರೆ ಮೊಣಕಾಲೂರಿ ಸುತ್ತುವಾಗ, ಹಾಗಲ್ಲ. ಬಟ್ಟೆ ಹಾರುತ್ತದೆ, ಆಭರಣ ಮಿನುಗುತ್ತದೆ, ರಂಗದ ಅರ್ಧ ಭಾಗವೇ ಬದಲಾಗುತ್ತದೆ. ಲೆಕ್ಕ ಒಮ್ಮೆಲೇ ಏರುತ್ತದೆ. ಚಂಡೆ ಮಾತ್ರ ನಿಲ್ಲುವುದಿಲ್ಲ, ಯಾಕೆಂದರೆ ಧ್ವನಿ ಬಿಡಿಸುವುದು ಸಣ್ಣ ಕೆಲಸ. ಪ್ಲೇಯರ್ ಧ್ವನಿಯನ್ನೇ ತಾಳವಾಗಿ ಇಟ್ಟುಕೊಂಡು, ಅದಕ್ಕೆ ಹಿಂದೆ ಬಿದ್ದ ಚಿತ್ರಗಳನ್ನು ಕೈಬಿಡುತ್ತದೆ. ಹಾಗಾಗಿಯೇ ವೇಷ ಇಲ್ಲಿ ನಿಂತು ಅಲ್ಲಿ ಕಾಣುವುದು.

ರ‍್ಯಾಮ್ ವಿಚಾರ. ನಮ್ಮ ಮನೆಯ ಹಳೆಯ ಕೋರ್ 2 ಡ್ಯುಯೊಗೆ ನಾನೂ ಅಂಗಡಿಯವರ ಮಾತಿನ ಮೇಲೆ 2 ಜಿಬಿ ಇದ್ದದ್ದನ್ನು 4 ಜಿಬಿ ಮಾಡಿಸಿದೆ. ಮನೆಗೆ ತಂದು ಅದೇ ವಿಡಿಯೋ ಹಾಕಿದರೆ ಅದೇ ಜಾಗದಲ್ಲಿ ನಿಂತಿತು. ಆಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಸಿಪಿಯು ಗೆರೆ 100ಕ್ಕೆ ತಾಗಿ ಅಲ್ಲೇ ಕೂತಿತ್ತು, ಮೆಮೊರಿಯ ಗೆರೆ ಅರ್ಧಕ್ಕೂ ಬಂದಿರಲಿಲ್ಲ. ಈ ಎರಡು ಗೆರೆಯನ್ನು ಮೊದಲೇ ನೋಡಿದ್ದರೆ ದುಡ್ಡು ಉಳಿಯುತ್ತಿತ್ತು. ನೀವೂ ವಿಡಿಯೋ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ನೋಡಿ. ಎಸ್‌ಎಸ್‌ಡಿ ಹಾಕಿಸಿ ಅನ್ನುವವರಿಗೂ ಇದೇ ಉತ್ತರ. ನಿಮ್ಮ ಫೈಲಿಗೆ ಸೆಕೆಂಡಿಗೆ 3 ಎಂಬಿ ಓದಿದರೆ ಸಾಕು, ಅಷ್ಟನ್ನು ಪೆನ್‌ಡ್ರೈವೇ ಕೊಡುತ್ತದೆ.

ಹಾಗಾದರೆ ದಾರಿ? ಫೈಲಿನ ಇನ್ನೊಂದು ಪ್ರತಿ ಮಾಡಿಸಿ. ಮಗನ ಲ್ಯಾಪ್‌ಟಾಪಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಲಿ. ಫೈಲ್ ತೆರೆದು, ಪ್ರಿಸೆಟ್‌ಗಳಲ್ಲಿ ‘ಫಾಸ್ಟ್ 720ಪಿ30’ ಆರಿಸಿ, ಸ್ಟಾರ್ಟ್ ಒತ್ತಿದರೆ ಎಚ್.264 ಬಗೆಯ ಎಂಪಿ4 ಫೈಲ್ ಸಿಗುತ್ತದೆ. ನಿಮ್ಮ ಕಂಪ್ಯೂಟರಿಗೆ ಅದು ಹೊರೆಯೇ ಅಲ್ಲ. ಈ ಕೆಲಸವನ್ನು ನಿಮ್ಮ ಯಂತ್ರದಲ್ಲಿ ಮಾಡಿಸಲೇಬೇಡಿ, ಸುಮ್ನೆ ಗಂಟೆಗಟ್ಟಲೆ ಒದ್ದಾಡುತ್ತದೆ.

720 ಸಾಕಾಗುತ್ತಾ ಅಂತ ಮಗ ಕೇಳಬಹುದು. ಹದಿನೆಂಟೂವರೆ ಇಂಚಿನ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 1366 ಅಡ್ಡ, 768 ಉದ್ದ. ಒಟ್ಟು ಹತ್ತೂವರೆ ಲಕ್ಷ ಚುಕ್ಕಿ. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ. ಅಂದರೆ ಕಷ್ಟಪಟ್ಟು ಬಿಡಿಸಿದ ಚಿತ್ರದಲ್ಲಿ ಎಂಟರಲ್ಲಿ ಏಳು ಪಾಲು ನಿಮ್ಮ ಪರದೆಗೆ ಬರುವುದೇ ಇಲ್ಲ. 720ಪಿಯಲ್ಲಿ ಇರುವುದು ಒಂಬತ್ತು ಲಕ್ಷಕ್ಕೂ ಜಾಸ್ತಿ. ಅಣ್ಣನ ಮುಖವರ್ಣಿಕೆಯ ಗೆರೆಗಳು ಅದರಲ್ಲೂ ಚೆನ್ನಾಗಿ ಕಾಣುತ್ತವೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಪ್ರತಿ ಸಿಕ್ಕಿತು ಅಂತ ಆ 5 ಜಿಬಿಯ ಮೂಲ ಫೈಲನ್ನು ಅಳಿಸಬೇಡಿ. 72ರಲ್ಲಿ ಕಟ್ಟಿದ ವೇಷ ಅದು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಮಗನ ಹತ್ತಿರ ಹಾರ್ಡ್‌ಡಿಸ್ಕಿನಲ್ಲಿ ಇರಲಿ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಬದಲಿಸಿದರೆ ಮುಂದೆ ಎಚ್.264ರಲ್ಲೇ ತೆಗೆಯುತ್ತದೆ. ಅದರಿಂದ ಗಾತ್ರ ಇಳಿಯುವುದಿಲ್ಲ, ಅದೇ ಕ್ಯಾಮೆರಾ ಸೆಟ್ಟಿಂಗ್ಸ್‌ನ ‘ರೆಕಾರ್ಡ್ ವಿಡಿಯೋ’ದಲ್ಲಿ 720ಪಿ ಆರಿಸಬೇಕು. ಮದುವೆ, ಮುಂಜಿಗೆ ಅದು ಸಾಕು. ಅಣ್ಣನ ಆಟವನ್ನು ಮಾತ್ರ ಮಗ ಈಗಿನ ಹಾಗೆ 4ಕೆಯಲ್ಲೇ ತೆಗೆಯಲಿ. ನೋಡಲಿಕ್ಕೆ ಚಿಕ್ಕ ಪ್ರತಿ ಯಾವಾಗ ಬೇಕಾದರೂ ಮಾಡಬಹುದು. ಚಿಕ್ಕದನ್ನು ದೊಡ್ಡದು ಮಾಡಿದರೆ ಹೋದ ಗೆರೆಗಳು ವಾಪಸ್ ಬರುವುದಿಲ್ಲ.

ಯೂಟ್ಯೂಬ್‌ನಲ್ಲೂ ಕಾರಣ ಇದೇ ಜಾತಿಯದು. ಅದು ಈಗ ಹೆಚ್ಚಾಗಿ ವಿಪಿ9, ಎವಿ1 ಬಗೆಗಳಲ್ಲಿ ಕಳಿಸುತ್ತದೆ. ಓಡುತ್ತಿರುವ ವಿಡಿಯೋ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿದರೆ ಯಾವ ಬಗೆ, ಎಷ್ಟು ಚಿತ್ರ ಬಿಟ್ಟುಹೋಗಿದೆ ಎರಡೂ ಕಾಣುತ್ತದೆ. ಫೈರ್‌ಫಾಕ್ಸ್‌ಗೆ ಎಚ್264ಇಫೈ ಎಂಬ ಸಣ್ಣ ಎಕ್ಸ್‌ಟೆನ್ಷನ್ ಸಿಗುತ್ತದೆ. ಅದನ್ನು ಹಾಕಿದರೆ ಯೂಟ್ಯೂಬ್ ಎಚ್.264 ಅನ್ನೇ ಕೊಡುತ್ತದೆ. ಗುಣಮಟ್ಟ 720ಕ್ಕೆ ಇಡಿ, ಆಗಲೂ ತಡವರಿಸಿದರೆ 480. ವಿಂಡೋಸ್ 7ಗೆ ಕ್ರೋಮ್ 109ರ ನಂತರದ ಆವೃತ್ತಿಗಳು ಬರುವುದಿಲ್ಲ, ಮೈಕ್ರೋಸಾಫ್ಟಿನ ಬೆಂಬಲವೂ ನಿಂತಿದೆ. ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.

ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಇಷ್ಟು ನೆನಪಿರಲಿ. ಜಿಟಿ 710 ಎಂಬ ಕಾರ್ಡ್ ಎಚ್.264 ಅನ್ನು ತಾನೇ ಬಿಡಿಸುತ್ತದೆ, ಎಚ್‌ಇವಿಸಿ ಅದರ ಕೈಲಾಗದು. 2017ರ ಜಿಟಿ 1030ಕ್ಕೆ ಎರಡೂ ಬರುತ್ತದೆ. ಆದರೆ ಇಷ್ಟು ಹಳೆಯ ಬೋರ್ಡಿಗೆ ಅದು ಹೊಂದದೇ ಹೋಗಬಹುದು. ನಿಮ್ಮ ಕಣ್ಣೆದುರು ಹಾಕಿಸಿ, ನಿಮ್ಮ ಫೈಲ್ ಓಡಿದ ಮೇಲೆ ದುಡ್ಡು ಕೊಡಿ.

ಪ್ರಶ್ನೆ: ನನ್ನ 2013ರ ಲ್ಯಾಪ್‌ಟಾಪಿನಲ್ಲಿ ಎಚ್‌ಡಿ ವಿಡಿಯೋ ಮೊದಲ ಕಾಲು ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಅದೇ ವಿಡಿಯೋ ಎಳೆಯಲು ಶುರುವಾಗುತ್ತದೆ. ಯಾಕೆ?
— ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನಿಮ್ಮದು ಬಿಸಿಯ ತೊಂದರೆ ಇರಬೇಕು. ಪ್ರೊಸೆಸರ್ ಕಾದಾಗ ಸುಟ್ಟುಹೋಗದಿರಲು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಕೋರ್ ಟೆಂಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ವಿಡಿಯೋ ಎಳೆಯುವ ಹೊತ್ತಿಗೆ ಬಿಸಿ ಎಷ್ಟಿದೆ ನೋಡಿ. 90 ಡಿಗ್ರಿ ದಾಟಿದ್ದರೆ ಬಿಚ್ಚಿಸಿ ಶುಚಿ ಮಾಡಿಸಬೇಕು. ಮೇಲಿನಿಂದ ನೋಡಿದರೆ ಫ್ಯಾನ್ ಚೊಕ್ಕವಾಗಿಯೇ ಕಾಣುತ್ತದೆ. ಫ್ಯಾನ್ ತೆಗೆದರೆ ಅದರ ಆಚೆ ಲೋಹದ ತೆಳು ರೆಕ್ಕೆಗಳ ಸಾಲಿರುತ್ತದೆ. ಧೂಳು ಅಲ್ಲಿ ಕಂಬಳಿ ತುಂಡಿನ ಹಾಗೆ ಕೂತು, ಗಾಳಿ ಹೊರಗೆ ಹೋಗಲು ಬಿಡುವುದಿಲ್ಲ. ಅದನ್ನು ಚಿಮಟದಿಂದ ಎಳೆದು ತೆಗೆಯಬೇಕು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಅದನ್ನೂ ಒರೆಸಿ ಹೊಸದು ಹಾಕಿಸಿ. ಬ್ಲೋವರ್ ಹಿಡಿಯುವವರಿಗೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಲು ಹೇಳಿ. ಗಾಳಿಯ ರಭಸಕ್ಕೆ ಅದು ವಿಪರೀತ ತಿರುಗಿದರೆ ಬೇರಿಂಗ್ ಹೋಗುತ್ತದೆ.