ಪ್ರಶ್ನೋತ್ತರ: ತುಂಡಾದ ನರಕ್ಕೆ ಸಾಮಾನು ಎಲ್ಲಿಂದ?

ಪ್ರಶ್ನೆ: ಗಾಜು ಕೊಯ್ದು ಮಣಿಕಟ್ಟಿನ ನರ ತುಂಡಾಗಿತ್ತು, ಹೊಲಿಗೆ ಹಾಕಿದ್ದಾರೆ. ನರಕೋಶ ಇರುವುದು ಬೆನ್ನುಹುರಿಯ ಹತ್ತಿರವಂತೆ. ಅಷ್ಟು ದೂರದಿಂದ ರಿಪೇರಿ ಸಾಮಾನು ಹೇಗೆ ಬರುತ್ತದೆ? ಬೆರಳಿಗೆ ಸ್ಪರ್ಶ ಯಾವಾಗ?

ಉತ್ತರ: ಎಲ್ಲವೂ ಅಲ್ಲಿಂದಲೇ ಬರಬೇಕಿದ್ದರೆ ಕೆಲಸ ಕೆಟ್ಟಂತೆ. ಸ್ಪರ್ಶದ ನರಕೋಶದ ಒಡಲು ಕುತ್ತಿಗೆಯ ಭಾಗದಲ್ಲಿ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿದೆ. ಮಣಿಕಟ್ಟಿಗೆ ಅಲ್ಲಿಂದ 65 ಸೆಂ.ಮೀ. ಎಂದಿಟ್ಟುಕೊಳ್ಳಿ. ಪುಟ್ಟ ಚೀಲಗಳಲ್ಲಿ ಸಾಗುವ ಸರಕು ದಿನಕ್ಕೆ 200ರಿಂದ 400 ಮಿ.ಮೀ. ಓಡುತ್ತದೆ, ಎರಡು ಮೂರು ದಿನದಲ್ಲಿ ತಲುಪೀತು. ಆಕ್ಟಿನ್, ಟ್ಯುಬುಲಿನ್‌ನಂಥ ಕಟ್ಟೋಣದ ಸರಕು ಮಾತ್ರ ತೆವಳುತ್ತದೆ. ದಿನಕ್ಕೆ 3 ಮಿ.ಮೀ. ಹಿಡಿದರೂ ಏಳು ತಿಂಗಳು! ಮೊದಲೇ ದಾರಿಯಲ್ಲಿದ್ದದ್ದು ಬರುತ್ತಲೇ ಇರುತ್ತದೆ, ನಿಜ. ಆದರೆ ಗಾಯಕ್ಕೆಂದೇ ಬೇಕಾದ ಹೊಸ ಪ್ರೋಟೀನ್‌ಗೆ ಅಷ್ಟು ಕಾಯುವಂತಿಲ್ಲ.

ಅದಕ್ಕೇ ನರತಂತುವಿನ (ನರಕೋಶದ ಒಡಲಿನಿಂದ ಹೊರಟ ಉದ್ದನೆಯ ಎಳೆ) ಉದ್ದಕ್ಕೂ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಯ ಸೂಚನೆಯ ಪ್ರತಿ), ರೈಬೋಸೋಮ್‌ಗಳ (ಅದನ್ನು ಓದಿ ಪ್ರೋಟೀನ್ ಕಟ್ಟುವ ಯಂತ್ರ) ದಾಸ್ತಾನಿರುತ್ತದೆ. (ಬೆಳೆದ ತಂತುವಿನಲ್ಲಿ ರೈಬೋಸೋಮ್ ಇಲ್ಲವೆಂದೇ ಪಠ್ಯಪುಸ್ತಕಗಳು ಬಹುಕಾಲ ಬರೆದವು.) ಆಕ್ಟಿನ್‌ನ ಒಂದು ಬಗೆಯಾದ ಬೀಟಾ-ಆಕ್ಟಿನ್‌ನ ಎಂಆರ್‌ಎನ್‌ಎ ಬಾಲದಲ್ಲಿ 54 ಅಕ್ಷರಗಳ ವಿಳಾಸವಿದೆ, ಅದಕ್ಕೆ 'ಜಿಪ್‌ಕೋಡ್' ಎಂದೇ ಹೆಸರು. ಝಡ್‌ಬಿಪಿ1 ಎಂಬ ಪ್ರೋಟೀನ್ ಅದನ್ನು ಓದಿ ತುದಿಯತ್ತ ಒಯ್ಯುತ್ತದೆ. ತಂತು ಕಡಿದಾಗ ಒಳನುಗ್ಗುವ ಕ್ಯಾಲ್ಸಿಯಂ ತಯಾರಿಗೆ ಚಾಲನೆ ಕೊಡುತ್ತದೆ. ಹಾಗೆ ಸ್ಥಳದಲ್ಲೇ ತಯಾರಾಗುವವುಗಳಲ್ಲಿ ಇಂಪೋರ್ಟಿನ್-ಬೀಟಾ1 ಎಂಬ ಪ್ರೋಟೀನ್ ಸ್ವಾರಸ್ಯದ್ದು: ಒಡಲಿನತ್ತ ಸರಕು ಎಳೆಯುವ ಡೈನೀನ್ ಮೋಟರ್ ಏರಿ ಹಿಂದಕ್ಕೆ ಹೋಗಿ, ಗಾಯದ ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುತ್ತದೆ. ಇದನ್ನು 2003ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇಲಿಯ ಹಿಂಗಾಲಿನ ಸಯಾಟಿಕ್ ನರದಲ್ಲಿ ತೋರಿಸಿದರು.

ನಿಮ್ಮ ಬೆರಳಿನ ಲೆಕ್ಕ: ಬೆಳವಣಿಗೆ ದಿನಕ್ಕೆ ಸುಮಾರು 1 ಮಿ.ಮೀ. ಮಣಿಕಟ್ಟಿನಿಂದ ಬೆರಳ ತುದಿ 17 ಸೆಂ.ಮೀ. ಇದ್ದರೆ ಆರು ತಿಂಗಳ ಹತ್ತಿರ. ಹೊಲಿಗೆ ದಾಟಲು ಮೊದಲ ಕೆಲವು ವಾರ ಬೇರೆ. ಗಾಯ ಪೂರ್ತಿ ಮಾಗಿದ ಮೇಲೆ ನರದ ಜಾಡಿನಲ್ಲಿ, ಬೆರಳ ಕಡೆಯಿಂದ ಮಣಿಕಟ್ಟಿನತ್ತ ಮೆಲ್ಲಗೆ ತಟ್ಟುತ್ತ ಬನ್ನಿ. ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಬೆರಳಿನತ್ತ ಸರಿಯಬೇಕು. ಹೊಲಿಗೆಯಲ್ಲೇ ನಿಂತಿದ್ದರೆ ಸರ್ಜನ್‌ಗೆ ತೋರಿಸಿ. ಸ್ಪರ್ಶ ಮರಳುವವರೆಗೆ ಬಿಸಿ ಲೋಟ ಆ ಕೈಯಲ್ಲಿ ಬೇಡ, ಸುಟ್ಟದ್ದೂ ತಿಳಿಯುವುದಿಲ್ಲ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಎರಡು ಕೋಣೆಯ ಮೈಕ್ರೋಫ್ಲೂಯಿಡಿಕ್ ತಟ್ಟೆಯಲ್ಲಿ (ಒಡಲು ಒಂದು ಕೋಣೆಯಲ್ಲಿ, ತಂತು ಇನ್ನೊಂದರಲ್ಲಿ) ನರಕೋಶ ಬೆಳೆಸಿ, ತಂತುವಿನ ಕೋಣೆಗೆ ಪ್ಯೂರೋಮೈಸಿನ್ (ತಯಾರಾಗುತ್ತಿರುವ ಪ್ರೋಟೀನಿಗೆ ಅಂಟಿ ಗುರುತು ಹಾಕುವ ಔಷಧಿ) ಹಾಕಿದೆ. ಸಿಗ್ನಲ್ ಬಂತು. ಅದು ಕೋಶದ ಒಡಲಿನಿಂದ ಬಂದದ್ದಲ್ಲ ಎಂದು ಹೇಗೆ ಖಚಿತಪಡಿಸಲಿ?

ಉತ್ತರ: ಮೊದಲು ದ್ರವದ ಮಟ್ಟ ನೋಡಿ. ಔಷಧಿ ಹಾಕಿದ ಕೋಣೆಯಲ್ಲಿ ಇನ್ನೊಂದಕ್ಕಿಂತ ಸುಮಾರು 50 ಮೈಕ್ರೋಲೀಟರ್ ಕಡಿಮೆ ಇರಬೇಕು, ಆಗ ಹರಿವು ಒಡಲಿನ ಕಡೆಗೆ ಹೋಗದು. ಇದನ್ನು ತಿರುಗುಮುರುಗು ಮಾಡುವವರೇ ಹೆಚ್ಚು. ಇನ್ನೊಂದು ತಟ್ಟೆಯಲ್ಲಿ ತಂತುವಿನ ಕೋಣೆಗಷ್ಟೇ ಪ್ರೋಟೀನ್ ತಯಾರಿ ನಿಲ್ಲಿಸುವ ಅನಿಸೋಮೈಸಿನ್ 40 ಮೈಕ್ರೋಮೋಲಾರ್ ಅರ್ಧ ಗಂಟೆ ಮುಂಚೆ ಕೊಡಿ. ಸಿಗ್ನಲ್ ಬಹುಪಾಲು ಅಳಿಯಬೇಕು. ಪ್ಯೂರೋಮೈಸಿನ್ 10 ನಿಮಿಷ ಸಾಕು, ತಕ್ಷಣ ಫಿಕ್ಸ್ ಮಾಡಿ (ಕೋಶಗಳನ್ನು ಇದ್ದಲ್ಲೇ ಸ್ಥಿರಗೊಳಿಸಿ). ಪ್ಯೂರೋಮೈಸಿನ್ ಅಂಟಿದ ತುಣುಕು ರೈಬೋಸೋಮ್ ಬಿಟ್ಟು ಅಲೆಯುವುದರಿಂದ, ತಡವಾದಷ್ಟೂ 'ಎಲ್ಲಿ ತಯಾರಾಯಿತು' ಎಂಬುದು ಮಸುಕಾಗುತ್ತದೆ. ತಂತುವಿನ ಆರ್‌ಎನ್‌ಎಯಲ್ಲಿ ಬೀಟಾ-ಆಕ್ಟಿನ್ ಸಿಗಬೇಕು, ಗಾಮಾ-ಆಕ್ಟಿನ್ ಸಿಗಬಾರದು; ಸಿಕ್ಕರೆ ಒಡಲಿನ ಕಲಬೆರಕೆ. ತಂತುವನ್ನು ಸುತ್ತುವ ಶ್ವಾನ್ ಕೋಶಗಳು ನುಸುಳಿವೆಯೇ ಎಂದು ಅವುಗಳ ಗುರುತಾದ ಇಆರ್‌ಬಿಬಿ3 ಕೂಡ ನೋಡಿ.

ಪ್ರಶ್ನೆ: ಮೊಟ್ಟೆ, ಬೇಳೆ ಜಾಸ್ತಿ ತಿಂದರೆ ನರ ಬೇಗ ಬೆಳೆಯುತ್ತದೆಯೇ?

ಉತ್ತರ: ಇಲ್ಲ. ಊಟ ಸರಿಯಿದ್ದವರ ತಂತುವಿಗೆ ಅಮೈನೋ ಆಮ್ಲದ ಬರವಿಲ್ಲ. ತಡೆ ಬೇರೆಡೆ ಇದೆ: ಜಿ3ಬಿಪಿ1 ಎಂಬ ಪ್ರೋಟೀನ್ ಹಲವು ಎಂಆರ್‌ಎನ್‌ಎಗಳನ್ನು ಕಣಗಳಲ್ಲಿ ಕಟ್ಟಿಹಾಕಿರುತ್ತದೆ. ಆ ಕಣಗಳನ್ನು ಬಿಡಿಸುವ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು) ಕೊಟ್ಟಾಗ ಇಲಿಗಳ ನರ ಬೇಗ ಬೆಳೆಯಿತು (2018). ಅಂಗಡಿಯಲ್ಲಿ ಸಿಗುವ ಪ್ರೋಟೀನ್ ಪುಡಿಗೆ ಆ ಕೆಲಸ ಬರುವುದಿಲ್ಲ.