ರಾತ್ರಿ ಮೂರು ಸಲ ಸ್ನಾನ ಮಾಡುವ ಹುಡುಗಿ

ವಾರ್ಡನ್ ಕಳಿಸಿದ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. "ರಾತ್ರಿ ನಿದ್ದೆ ಮಾಡುವುದಿಲ್ಲ. ಮೂರು ಮೂರು ಸಲ ಎದ್ದು ಸ್ನಾನಕ್ಕೆ ಹೋಗುತ್ತಾಳೆ." ಹುಡುಗಿಯನ್ನು ರೇಣುಕಾ ಅನ್ನೋಣ, ನಿಜವಾದ ಹೆಸರಲ್ಲ. ಪಿಯುಸಿ ಮೊದಲ ವರ್ಷ. ಹಾಸ್ಟೆಲ್ ಕೋಣೆಯಲ್ಲಿ ಎಂಟು ಜನ.

ಚೀಟಿ ಓದಿದ ಕೂಡಲೇ ನನ್ನ ತಲೆ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆಯ ಕಡೆ ಹೋಯಿತು. ಆಪ್ತಸಮಾಲೋಚನೆ ಮಾಡುವ ನಮ್ಮ ಕೆಲಸದ ಚಾಳಿ ಇದು, ಎಲ್ಲವೂ ಮನಸ್ಸಿನದ್ದೇ ಅನಿಸುತ್ತದೆ. ಅರ್ಧ ಗಂಟೆ ಸುಮ್ನೆ ಅದನ್ನೇ ಕೆದಕಿದೆ. ಅವಳು ದುಪಟ್ಟಾದಡಿಯಿಂದ ಕೈ ತೆಗೆಯಲೇ ಇಲ್ಲ. ನೀರಿನ ಲೋಟ ಕೊಟ್ಟಾಗ ಕಂಡಿತು: ಬೆರಳ ಸಂದಿಯಲ್ಲೆಲ್ಲ ಸಣ್ಣ ಗುಳ್ಳೆ, ಮಣಿಕಟ್ಟಿನಲ್ಲಿ ಕೆರೆದು ಕೆರೆದು ಆದ ಹಕ್ಕಳೆ.

"ಎಷ್ಟು ದಿನದಿಂದ?"

"ಎರಡ ತಿಂಗಳಾತ್ರೀ ಮೇಡಂ. ನಾ ಹೊಲಸ ಇಲ್ರೀ. ದಿನಾ ಜಳಕ ಮಾಡ್ತೀನ್ರಿ." ಅಷ್ಟು ಹೇಳಿ ಅತ್ತಳು.

ಕೋಣೆಯವರು ಅವಳ ಹಾಸಿಗೆಯನ್ನು ಬಾಗಿಲ ಬಳಿ ತಳ್ಳಿದ್ದರು. 'ಕಜ್ಜಿ ನಾಯಿ' ಅಂತ ಹೆಸರಿಟ್ಟಿದ್ದರು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬ್ ಹಚ್ಚಿದಾಗ ನಾಲ್ಕು ದಿನ ಕಡಿಮೆಯಾಗಿ, ಆಮೇಲೆ ಜಾಸ್ತಿಯಾಗಿತ್ತು. ಅದು ಸ್ಟೀರಾಯ್ಡ್ ಇರುವ ಮುಲಾಮು. ತುರಿಕೆ ಅಡಗಿಸುತ್ತದೆ, ಕಜ್ಜಿಯ ಹುಳ ಸಾಯಿಸುವುದಿಲ್ಲ. ಡಾಕ್ಟರು ನೋಡಿದ ಕೂಡಲೇ ಕಜ್ಜಿ ಎಂದರು.

ನಾನು ಅವಳಿಗೆ ಮೊದಲು ಹೇಳಿದ್ದು, ಇದು ಕೊಳಕಿನಿಂದ ಬರುವುದಲ್ಲ ಅಂತ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಸೋಪು ಅಲ್ಲಿಗೆ ಮುಟ್ಟುವುದಿಲ್ಲ. ಮೊದಲ ಸಲ ಬಂದಾಗ ಹುಳ ಹೊಕ್ಕು 4ರಿಂದ 6 ವಾರದ ಮೇಲೇ ತುರಿಕೆ ಶುರು. ಅಂದ ಮೇಲೆ ಯಾರಿಂದ ಯಾರಿಗೆ ಬಂತು ಅಂತ ಹೇಳುವವರು ಯಾರು? ಅವಳ ಒಪ್ಪಿಗೆ ಕೇಳಿ, ಎಂಟೂ ಜನರನ್ನು ಕೂರಿಸಿ ಇದನ್ನೇ ಹೇಳಿದೆ. ಇಬ್ಬರು ಮೆಲ್ಲಗೆ ಅಂಗಿಯ ತೋಳು ಕೆಳಗೆ ಎಳೆದುಕೊಂಡರು.

ಡಾಕ್ಟರು ಹೇಳಿದಂತೆ, ತುರಿಕೆ ಇರಲಿ ಬಿಡಲಿ, ಎಂಟೂ ಜನ ಒಂದೇ ರಾತ್ರಿ ಹುಳ ಸಾಯಿಸುವ ಪರ್ಮೆಥ್ರಿನ್ 5% ಕ್ರೀಮ್ ಹಚ್ಚಿದರು. ಕುತ್ತಿಗೆಯಿಂದ ಕಾಲ್ಬೆರಳ ತನಕ, ಹೊಕ್ಕುಳು, ತೊಡೆಸಂದಿ, ಕತ್ತರಿಸಿದ ಉಗುರಿನಡಿ ಕೂಡ. ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಬೆಳಿಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಮ್ಮೆ. ಒಬ್ಬಳು ತಪ್ಪಿಸಿಕೊಂಡರೂ ಹುಳ ಮತ್ತೆ ಸುತ್ತುತ್ತದೆ. ಹಾಸಿಗೆ ಸುಡಬೇಕಾ ಅಂತ ವಾರ್ಡನ್ ಕೇಳಿದರು. ಬೇಡ. ಮೈ ಬಿಟ್ಟ ಹುಳ ಎರಡು ಮೂರು ದಿನದಲ್ಲಿ ಸಾಯುತ್ತದೆ. ಬಟ್ಟೆ, ಚಾದರ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿದರು. ಒಗೆಯಲಾಗದ ಸ್ವೆಟರ್, ರಗ್ಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕು ದಿನ ಇಟ್ಟರು.

ಕಷ್ಟವಾದದ್ದು ಮನೆಗೆ ಫೋನ್ ಮಾಡುವುದು. ದಸರಾ ರಜೆಯಲ್ಲಿ ಊರಿಗೆ ಹೋಗಿ ಅಜ್ಜಿಯ ಪಕ್ಕ, ಅಕ್ಕನ ಕೂಸಿನ ಜೊತೆ ಮಲಗಿದ್ದಳು. ಏನು ಹೇಳಬೇಕು ಅಂತ ಇಬ್ಬರೂ ಮೂರು ಸಲ ಆಡಿ ನೋಡಿದೆವು. ಕೊನೆಗೆ ನನ್ನ ಎದುರೇ ಹೇಳಿದಳು: "ಅವ್ವಾ, ನನಗ ಕಜ್ಜಿ ಆಗೇತಿ. ಮನ್ಯಾಗ ಎಲ್ಲಾರೂ ಔಷಧ ಹಚಗೋಬೇಕಂತ."

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಮಗೂ ವಾರದಿಂದ ಮೈ ತುರಸಾಕತ್ತೇತಿ. ನಿನಗ ಹೆಂಗ ಹೇಳೂದಂತ ಸುಮ್ನಿದ್ದೆ."

ಫೋನ್ ತೆಗೆದುಕೊಂಡು ನಾನೂ ಒಂದು ಮಾತು ಸೇರಿಸಿದೆ. ಕೂಸಿಗೆ ನೀವೇ ಏನೂ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ. ಎಳೆಯ ಮಕ್ಕಳಿಗೆ ಔಷಧದ ಲೆಕ್ಕವೇ ಬೇರೆ.

ಎರಡನೇ ಸಲ ಹಚ್ಚಿ ವಾರವಾದ ಮೇಲೆ ಮತ್ತೆ ಬಂದಳು, ಮುಖ ಸಣ್ಣದು ಮಾಡಿಕೊಂಡು. ಇನ್ನೂ ತುರಿಸುತ್ತದೆ, ಹೆದರಿಕೆಗೆ ದಿನಾ ಕ್ರೀಮ್ ಹಚ್ಚುತ್ತಿದ್ದಾಳೆ. ನಿಲ್ಲಿಸು ಅಂದೆ. ಹುಳ ಸತ್ತ ಮೇಲೂ 2ರಿಂದ 4 ವಾರ ತುರಿಕೆ ಇರುತ್ತದೆ, ಹೆಚ್ಚು ಹಚ್ಚಿದರೆ ಚರ್ಮವೇ ಉರಿಯುತ್ತದೆ. ಹೊಸ ಗುಳ್ಳೆ ಎದ್ದರೆ, ಇಲ್ಲವೇ ನಾಲ್ಕು ವಾರ ಕಳೆದರೂ ತುರಿಕೆ ಹೋಗದಿದ್ದರೆ ಮತ್ತೆ ಡಾಕ್ಟರ ಹತ್ತಿರ.

"ಹಾಸಿಗಿ ಒಳಗ ತಗೊಂಡ್ರೇನು?" ಅಂದೆ, ಅವಳ ಮಾತಿನಲ್ಲೇ.

"ಇಲ್ರೀ. ಅವರು ಕರದ್ರು. ನಾನs ಹೋಗಿಲ್ಲ. ಬಾಗಲ ಹತ್ರ ಗಾಳಿ ಬರ್ತೇತಿ."

ಮುಂದಿನ ಗುರುವಾರಕ್ಕೆ ಬರಲು ಹೇಳಿದ್ದೇನೆ.